ಕ್ಯಾನ್ಸರ್ ಹೋಯಿತು, ಸುಸ್ತು ಯಾಕೆ ಹೋಗಿಲ್ಲ?

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ. ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕಿಮೋ, ರೇಡಿಯೇಷನ್ ಎಲ್ಲ ಮುಗಿದು ಎರಡು ವರ್ಷವಾಯಿತು. ಚೆಕಪ್‌ನಲ್ಲಿ ಕ್ಯಾನ್ಸರ್ ಇಲ್ಲ ಅಂದರು, ರಕ್ತಕಣಗಳ ಲೆಕ್ಕವೂ ಸರಿಯಿದೆ. ಆದರೂ ಹೋದ ವರ್ಷ ನ್ಯುಮೋನಿಯಾ ಆಗಿ ಐಸಿಯು ಸೇರಿದ್ದರು, ಈಗ ಮೂತ್ರದ ಸೋಂಕು. ವರ್ಷದಲ್ಲಿ ತೂಕ 54ರಿಂದ 48 ಕೆಜಿಗೆ ಇಳಿದಿದೆ. ಬಚ್ಚಲಿಗೆ ಹೋಗಿ ಬಂದರೂ ಸುಸ್ತು. ವಯಸ್ಸಾಯ್ತು, ಮಲಗಿರಲಿ ಬಿಡಿ ಅಂತಾರೆ ನೆಂಟರು. ಬಿಡಬಹುದಾ?
– ಒಬ್ಬ ಸೊಸೆ, ತಿಪಟೂರು

ಉತ್ತರ: ಬಿಡಬೇಡಿ. ಮಲಗಿಸಿದಷ್ಟೂ ಮಾಂಸಖಂಡ ಕರಗುತ್ತದೆ, ನಿಮ್ಮತ್ತೆಯ ಕಷ್ಟದ ದೊಡ್ಡ ಪಾಲು ಅಲ್ಲೇ ಇರುವ ಹಾಗಿದೆ. ಕಿಮೋದಿಂದ ಕುಸಿದ ಬಿಳಿ ರಕ್ತಕಣಗಳ ಸಂಖ್ಯೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮೇಲೇರುತ್ತದೆ, ಆದರೆ ಕಳೆದುಹೋದ ಕಸುವು ರಿಪೋರ್ಟ್‌ನಲ್ಲಿ ಕಾಣುವುದಿಲ್ಲ. ಜೋರಾಗಿ ಕೆಮ್ಮುವ ಶಕ್ತಿ ಇಲ್ಲದವರಿಗೆ ಕಫ ಎದೆಯಲ್ಲೇ ಉಳಿಯುತ್ತದೆ. ಎದ್ದು ಬಚ್ಚಲಿಗೆ ಹೋಗಬೇಕಲ್ಲ ಅಂತ ಎಷ್ಟೋ ಹಿರಿಯರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಕೇಳಿ ನೋಡಿ, ಮೂತ್ರದ ಸೋಂಕಿಗೆ ಅದೂ ಒಂದು ದಾರಿ. ಇಂಥವರಿಗೆ ಸೋಂಕು ಬಂದರೆ ತಡೆದುಕೊಳ್ಳುವುದೂ ಕಷ್ಟ, ಚೇತರಿಸಿಕೊಳ್ಳುವುದೂ ನಿಧಾನ.

ವೈದ್ಯರು ಇಲ್ಲಿ ಐದು ವಿಷಯ ನೋಡುತ್ತಾರೆ: ತಾನಾಗಿ ಇಳಿದ ತೂಕ, ಸುಸ್ತು, ಕೈ ಹಿಡಿತ, ನಡಿಗೆಯ ವೇಗ, ದಿನದ ಓಡಾಟ. ಮೂರು ಕೆಟ್ಟಿದ್ದರೆ ದೇಹ ಸೊರಗಿದೆ ಅಂತಲೇ ಲೆಕ್ಕ. ನೀವು ಬರೆದದ್ದರಲ್ಲೇ ಎರಡು ಕಾಣುತ್ತಿವೆ. ನಡಿಗೆಯನ್ನು ಮನೆಯಲ್ಲೇ ನೋಡಬಹುದು, ನಾಲ್ಕು ಮೀಟರ್‌ಗೆ ಐದು ಸೆಕೆಂಡಿಗಿಂತ ಜಾಸ್ತಿ ಬೇಕಾದರೆ ಅದು ನಿಧಾನವೇ. ಮೊದಲು ಈ ತೂಕದ ವಿಷಯವನ್ನು ಕ್ಯಾನ್ಸರ್ ವೈದ್ಯರಿಗೆ ಬಾಯಿಬಿಟ್ಟು ಹೇಳಿ, ಸ್ಕ್ಯಾನ್ ಚೆನ್ನಾಗಿದೆ ಅಂತ ಸುಮ್ನೆ ಬರಬೇಡಿ. ಸಕ್ಕರೆ, ಥೈರಾಯ್ಡ್, ಹಲ್ಲು, ಮನಸ್ಸಿನ ಬೇಸರ ಎಲ್ಲವನ್ನೂ ನೋಡಿಸಬೇಕು.

ಸುಸ್ತು ಅಂತ ಗ್ಲೂಕೋಸ್ ಬಾಟಲಿ ಹಾಕಿಸುವುದು ದುಡ್ಡು ದಂಡ, ನನಗಂತೂ ಅದನ್ನು ಕಂಡರೆ ಸಿಟ್ಟು. ಬರೀ ಗಂಜಿಯೂ ಸಾಲದು. ಕಿಡ್ನಿ ಸರಿಯಿದ್ದರೆ 48 ಕೆಜಿಯವರಿಗೆ ದಿನಕ್ಕೆ ಸುಮಾರು 58 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ ಅಷ್ಟೇ, ಹಾಗಾಗಿ ಹಾಲು, ಮೊಸರು, ಕಾಳಿನ ಸಾರು, ತಿನ್ನುವವರಾದರೆ ಮೀನು, ಎಲ್ಲ ಸೇರಿಸಿ ಮೂರು ಹೊತ್ತಿಗೂ ಹಂಚಿ. ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸವನ್ನು ಫಿಸಿಯೋ ಹೇಳಿಕೊಟ್ಟ ಹಾಗೆ ದಿನಾ ಮಾಡಿಸಿ.

ಜ್ವರ 100.4 ಡಿಗ್ರಿ ದಾಟಿದರೆ ಮಾತ್ರೆ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ಜ್ವರವೇ ಇಲ್ಲದೆ ಸೋಂಕು ಏರುವುದೂ ಉಂಟು. ಇದ್ದಕ್ಕಿದ್ದಂತೆ ಗಲಿಬಿಲಿ, ಮಂಪರು, ಊಟ ಬೇಡ ಅನ್ನುವುದು, ಬೀಳುವುದು, ಏದುಸಿರು, ಇವುಗಳಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸ್ತನದ ಆಪರೇಷನ್‌ನಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನೂ (ಸೋಂಕು ತಡೆಯಲು ನೆರವಾಗುವ ಸಣ್ಣ ಗಂಟುಗಳು) ತೆಗೆದಿದ್ದರೆ ಆ ಕಡೆಯ ಕೈಗೆ ಈಳಿಗೆ ತಾಗಿದ ಸಣ್ಣ ಗಾಯವೂ ಬೇಗ ಕೀವಾಗಬಹುದು, ಕೆಂಪಾಗಿ ಬಿಸಿಯಾದರೆ ತಕ್ಷಣ ತೋರಿಸಿ.

ಲಸಿಕೆ ಬಗ್ಗೆ ನೀವೇ ಕೇಳಿ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ನ್ಯುಮೋನಿಯಾ ತರುವ ಒಂದು ರೋಗಾಣುವಿನ ವಿರುದ್ಧ ನ್ಯುಮೋಕಾಕಲ್ ಲಸಿಕೆ, ಮತ್ತೆ ಸರ್ಪಸುತ್ತಿಗೆ ಎರಡು ಡೋಸ್‌ನದು. ಸರ್ಪಸುತ್ತಿನದು ದುಬಾರಿ, ಮೊದಲೇ ರೇಟು ವಿಚಾರಿಸಿಕೊಳ್ಳಿ.