ಸೂಜಿ ಸೊನ್ನೆಗೆ ಮರಳದಿದ್ದರೆ

ಕೈಗಾರಿಕಾ ಮೆಕ್ಯಾನಿಕ್ ಮತ್ತು ಮಿಲ್‌ರೈಟ್ (ಕಾರ್ಖಾನೆಯ ಯಂತ್ರಗಳನ್ನು ಕೂಡಿಸಿ ಹೊಂದಿಸುವವರು) ಕೆಲಸ ಕಲಿಯುತ್ತಿರುವವರ ಪ್ರಶ್ನೆಗಳಿಗೆ ಈ ವಾರದ ಉತ್ತರಗಳು

ಪ್ರಶ್ನೆ: ನಾನು ಎರಡನೆಯ ವರ್ಷದ ಅಪ್ರೆಂಟಿಸ್. ಮೋಟಾರು ಮತ್ತು ಪಂಪಿನ ಶಾಫ್ಟ್‌ಗಳನ್ನು ಒಂದೇ ರೇಖೆಗೆ ತರುವ ಅಲೈನ್‌ಮೆಂಟ್ ಕೆಲಸವನ್ನು ಈಗ ನನಗೆ ಒಪ್ಪಿಸುತ್ತಿದ್ದಾರೆ. ಡಯಲ್ ಗೇಜ್ (ಸಣ್ಣ ಕದಲಿಕೆಯನ್ನೂ ಸೂಜಿಯಲ್ಲಿ ತೋರಿಸುವ ಮಾಪಕ) ಹಾಕಿ ಅಳೆಯುತ್ತೇನೆ, ಲೆಕ್ಕದಂತೆ ಮೋಟಾರಿನ ಪಾದದಡಿಗೆ ಶಿಮ್ (ತೆಳು ಲೋಹದ ತಗಡು) ಕೊಡುತ್ತೇನೆ, ಮತ್ತೆ ಅಳೆದರೆ ಅಂಕಿಗಳು ಎಲ್ಲೋ ಹೋಗಿರುತ್ತವೆ. ಅರ್ಧ ದಿನ ಹೀಗೇ ಕಳೆಯುತ್ತದೆ. ಹಿರಿಯ ಮೆಕ್ಯಾನಿಕ್ ಬಂದು ಒಂದು ಗಂಟೆಯಲ್ಲಿ ಮುಗಿಸುತ್ತಾರೆ. ಕೇಳಿದರೆ ‘ಕೈ ಪಳಗಬೇಕು’ ಎನ್ನುತ್ತಾರೆ. ಈ ಕೆಲಸ ನನಗೆ ಒಗ್ಗುವುದಿಲ್ಲವೇ?

ಉತ್ತರ: ಕೈ ಪಳಗಬೇಕು ಎಂಬುದು ನಿಜ. ಆದರೆ ಕಲಿಯುವವರಿಗೆ ಅಷ್ಟನ್ನೇ ಹೇಳಿ ಬಿಟ್ಟರೆ ಏನನ್ನೂ ಹೇಳಿದಂತಾಗುವುದಿಲ್ಲ. ನಿಮ್ಮ ಪತ್ರ ಓದಿದರೆ ನಿಮ್ಮ ಲೆಕ್ಕ ತಪ್ಪಿದಂತೆ ಕಾಣುವುದಿಲ್ಲ. ನಂಬಬಾರದ ಅಂಕಿಯನ್ನು ನಂಬಿ ಶಿಮ್ ಹಾಕುತ್ತಿದ್ದೀರಿ. ನಿಮ್ಮ ಹಿರಿಯರು ಆ ಒಂದು ಗಂಟೆಯ ಮೊದಲ ಇಪ್ಪತ್ತು ನಿಮಿಷ ಏನು ಮಾಡುತ್ತಾರೆ ಎಂದು ಮುಂದಿನ ಸಲ ಗಮನಿಸಿ. ಬಹುಶಃ ಅವರು ಶಿಮ್ ಡಬ್ಬಿಯನ್ನು ಮುಟ್ಟಿಯೇ ಇರುವುದಿಲ್ಲ.

ಎರಡು ಶಾಫ್ಟ್‌ಗಳನ್ನು ಕೂಡಿಸುವ ಕಪ್ಲಿಂಗ್‌ಗೆ ಕೈ ಹಾಕುವ ಮೊದಲು ವಿದ್ಯುತ್ ಸ್ವಿಚ್ಚಿಗೆ ನಿಮ್ಮದೇ ಬೀಗ ಬೀಳಬೇಕು, ಕೀಲಿ ನಿಮ್ಮ ಜೇಬಿನಲ್ಲಿರಬೇಕು. ಬಳಿಕ ಸ್ಟಾರ್ಟ್ ಬಟನ್ ಒತ್ತಿ ಯಂತ್ರ ಸತ್ತಿದೆ ಎಂದು ಖಚಿತಪಡಿಸಿಕೊಳ್ಳಿ. ಬೇರೆಯವರು ಹಾಕಿದ ಬೀಗದ ಭರವಸೆಯ ಮೇಲೆ ಎಂದೂ ಕೆಲಸ ಮಾಡಬೇಡಿ.

ಮೊದಲು ಮೋಟಾರಿನ ಪಾದಗಳನ್ನು ನೋಡಿ. ನಾಲ್ಕೂ ಬೋಲ್ಟುಗಳನ್ನು ಬಿಗಿದು, ಒಂದು ಪಾದದ ಮೇಲೆ ಡಯಲ್ ಇಟ್ಟು, ಆ ಬೋಲ್ಟನ್ನು ಮಾತ್ರ ಸಡಿಲಿಸಿ. ಸೂಜಿ 0.05 ಮಿಲಿಮೀಟರಿಗಿಂತ ಹೆಚ್ಚು ಸರಿದರೆ ಆ ಪಾದ ತಳಕ್ಕೆ ಸರಿಯಾಗಿ ಕೂತಿಲ್ಲ. ಇದನ್ನೇ ಸಾಫ್ಟ್ ಫುಟ್ ಎನ್ನುವುದು. ಕುಂಟುವ ಕುರ್ಚಿಯಂತೆ, ಬೋಲ್ಟ್ ಬಿಗಿದಾಗಲೆಲ್ಲ ಮೋಟಾರಿನ ಮೈ ತಿರುಚಿಕೊಳ್ಳುತ್ತದೆ. ನೀವು ಅಳೆದದ್ದು ಒಂದು ಸ್ಥಿತಿಯಲ್ಲಿ, ಬಿಗಿದ ಮೇಲೆ ಸಿಗುವುದು ಇನ್ನೊಂದು ಸ್ಥಿತಿ. ಅಂಕಿಗಳು ‘ಎಲ್ಲೋ ಹೋಗುವುದು’ ಹೆಚ್ಚಾಗಿ ಇಲ್ಲಿಂದಲೇ. ಪಾದದಡಿಯ ತುಕ್ಕು, ಬಣ್ಣ, ಮಣ್ಣು ತೆಗೆಯಿರಿ. ಹಳೆಯ ತೆಳು ಶಿಮ್‌ಗಳು ಹತ್ತು ಹದಿನೈದು ಸೇರಿ ಸ್ಪ್ರಿಂಗಿನಂತಾಗಿದ್ದರೆ ಎಲ್ಲವನ್ನೂ ಎಸೆದು, ಮೂರೋ ನಾಲ್ಕೋ ದಪ್ಪನೆಯವನ್ನು ಹಾಕಿ. ಪಾದ ಓರೆಯಾಗಿದ್ದರೆ, ಎಂದರೆ ಒಂದು ಮೂಲೆಯಲ್ಲಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹೋಗಿ ಎದುರು ಮೂಲೆಯಲ್ಲಿ ಹೋಗದಿದ್ದರೆ, ಸಪಾಟಾದ ಶಿಮ್ ಆ ದೋಷವನ್ನು ನೀಗುವುದಿಲ್ಲ.

ಆಮೇಲೆ ಪೈಪು. ಪಂಪಿನ ಫ್ಲೇಂಜ್‌ಗೆ (ಪೈಪನ್ನು ಬೋಲ್ಟ್ ಹಾಕಿ ಕೂಡಿಸುವ ಅಂಚಿಗೆ) ಪೈಪನ್ನು ಎಳೆದು ಕೂಡಿಸಿದ್ದರೆ ಪಂಪೇ ಪೈಪಿಗೆ ಜೋತುಬಿದ್ದಿರುತ್ತದೆ. ಕಪ್ಲಿಂಗ್ ಮೇಲೆ ಡಯಲ್ ಇಟ್ಟು ಫ್ಲೇಂಜ್ ಬೋಲ್ಟುಗಳನ್ನು ಸಡಿಲಿಸಿ ನೋಡಿ, ಸೂಜಿ ಓಡಿದರೆ ತಪ್ಪು ಎಲ್ಲಿದೆ ಎಂದು ತಿಳಿಯುತ್ತದೆ. ಅದನ್ನು ಸರಿಪಡಿಸಬೇಕಾದದ್ದು ಪೈಪಿನಲ್ಲಿ, ಮೋಟಾರಿನಲ್ಲಿ ಅಲ್ಲ.

ಕೊನೆಗೆ ಗೇಜ್. ಡಯಲನ್ನು ಮೇಲ್ಗಡೆ ಸೊನ್ನೆಗೆ ಹೊಂದಿಸಿ, ಎರಡೂ ಶಾಫ್ಟ್‌ಗಳನ್ನು ಒಟ್ಟಿಗೆ ಪೂರ್ತಿ ಒಂದು ಸುತ್ತು ತಿರುಗಿಸಿ. ಮೇಲಕ್ಕೆ ಬಂದಾಗ ಸೂಜಿ ಸೊನ್ನೆಗೇ ಮರಳಬೇಕು. ಮರಳದಿದ್ದರೆ ಆ ಸುತ್ತಿನ ಯಾವ ಅಂಕಿಯನ್ನೂ ಬರೆದುಕೊಳ್ಳಬೇಡಿ. ಎಡ ಮತ್ತು ಬಲದ ಅಂಕಿಗಳ ಮೊತ್ತ, ಮೇಲಿನ ಮತ್ತು ಕೆಳಗಿನ ಅಂಕಿಗಳ ಮೊತ್ತಕ್ಕೆ ಸಮ ಬರುತ್ತದೆಯೇ ಎಂದೂ ನೋಡಿ. ಮೇಲೆ ಸೊನ್ನೆ, ಎಡಕ್ಕೆ 0.10, ಬಲಕ್ಕೆ 0.22 ಬಂದಿದ್ದರೆ ಕೆಳಗೆ 0.32ರ ಆಸುಪಾಸು ಇರಲೇಬೇಕು. ಕಪ್ಲಿಂಗಿನ ಅಂಚಿನ ಮೇಲೆ ಓದಿದ ಈ 0.32ರಲ್ಲಿ ಶಾಫ್ಟ್‌ನ ನಿಜವಾದ ಏರುಪೇರು ಅರ್ಧ ಮಾತ್ರ, 0.16. ಪೂರ್ತಿ 0.32ಕ್ಕೆ ಶಿಮ್ ಹಾಕಿ ತಪ್ಪನ್ನು ಆ ಕಡೆಯಿಂದ ಈ ಕಡೆಗೆ ದಾಟಿಸುವವರನ್ನು ನಾನು ಬಹಳ ನೋಡಿದ್ದೇನೆ. ಡಯಲ್ ಹಿಡಿದ ಸರಳು ಉದ್ದವಾಗಿದ್ದರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಅದೇ ಅಂತರದಲ್ಲಿ ಗಟ್ಟಿ ಪೈಪೊಂದಕ್ಕೆ ಕಟ್ಟಿ, ಮೇಲಿನಿಂದ ಕೆಳಕ್ಕೆ ತಿರುಗಿಸಿ ಎಷ್ಟು ಬಾಗುತ್ತದೆ ಎಂದು ಅಳೆದು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ನಾನು ಕಲಿಯುತ್ತಿದ್ದ ಕಾಲದಲ್ಲಿ ಒಂದು ಪಂಪಿನ ಮುಂದೆ ಮೂರು ಗಂಟೆ ಕುಳಿತು ಸೋತಿದ್ದೆ. ನನ್ನ ಗುರುಗಳು ಬಂದವರೇ ಬೆರಳಿನಿಂದ ಡಯಲಿನ ಸರಳನ್ನು ಮೆಲ್ಲಗೆ ತಟ್ಟಿದರು. ಸೂಜಿ ಜಿಗಿಯಿತು, ಹಿಂತಿರುಗಲಿಲ್ಲ. ಸರಳಿನ ಹಿಡಿಕೆಯ ಸ್ಕ್ರೂ ಸಡಿಲವಾಗಿತ್ತು. ಅಂದಿನಿಂದ ಇಂದಿನವರೆಗೆ ಆ ತಟ್ಟುವುದನ್ನು ನಾನು ತಪ್ಪಿಸಿಲ್ಲ.

ಕೆಲಸ ನಿಮಗೆ ಒಗ್ಗುತ್ತದೆ. ಅಂಕಿ ಹೊಂದುತ್ತಿಲ್ಲ ಎಂದು ನಿಮಗೆ ಬೇಸರವಾಗುತ್ತಿದೆಯಲ್ಲ, ಹೊಂದಿದಂತೆ ಬರೆದುಕೊಂಡು ಎದ್ದು ಹೋಗುತ್ತಿಲ್ಲವಲ್ಲ, ನನಗೆ ಅಷ್ಟು ಸಾಕು.

ಪ್ರಶ್ನೆ: ಶಾಲೆಯಲ್ಲಿ ಗಣಿತ ನನಗೆ ಕಬ್ಬಿಣದ ಕಡಲೆಯಾಗಿತ್ತು. ಯಂತ್ರ ಬಿಚ್ಚಿ ಜೋಡಿಸುವುದೆಂದರೆ ತುಂಬಾ ಇಷ್ಟ. ಮಿಲ್‌ರೈಟ್ ತರಬೇತಿಗೆ ಸೇರಬಹುದೇ?

ಉತ್ತರ: ಸೇರಿ. ಆದರೆ ಗಣಿತವಿಲ್ಲದೆ ಈ ಕೆಲಸ ನಡೆಯುತ್ತದೆ ಎಂದು ನಂಬಿ ಸೇರಬೇಡಿ. 1,000 ಕಿಲೋ ತೂಕದ ಗೇರ್‌ಬಾಕ್ಸನ್ನು ಎರಡು ಎಳೆಗಳ ಸ್ಲಿಂಗ್‌ನಿಂದ ಎತ್ತುತ್ತೀರಿ ಎಂದುಕೊಳ್ಳಿ. ಎಳೆಗಳು ನೆಟ್ಟಗೆ ಇಳಿದಿದ್ದರೆ ಒಂದೊಂದರ ಮೇಲೆ 500 ಕಿಲೋ. ಅಡ್ಡಗೆರೆಯಿಂದ 45 ಡಿಗ್ರಿಗೆ ಬಾಗಿದರೆ ಸುಮಾರು 707. 30 ಡಿಗ್ರಿಗೆ ಇಳಿದರೆ ಒಂದೊಂದು ಎಳೆಯೂ ಪೂರ್ತಿ 1,000 ಕಿಲೋ ಹೊರುತ್ತದೆ. ಹೊರೆ ಅದೇ, ಸ್ಲಿಂಗ್ ಅದೇ, ಕೋನ ಮಾತ್ರ ಬೇರೆ. ತ್ರಿಕೋನಮಿತಿ ಅಂದರೆ ಇದೇ. ಕೆಳಗೆ ನಿಂತವನ ಪ್ರಾಣ ಅದರ ಮೇಲೆ ನಿಂತಿರುವಾಗ ಅದು ಶಾಲೆಯ ಪಾಠದಂತೆ ಒಣಗಿರುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ದೊಡ್ಡ ಎಂಜಿನಿಯರುಗಳಲ್ಲಿ ಒಬ್ಬರಾದ ವಿಲಿಯಂ ಫೇರ್‌ಬೈರ್ನ್ ಹುಡುಗನಾಗಿದ್ದಾಗ ಇಂಗ್ಲೆಂಡಿನ ಕಲ್ಲಿದ್ದಲ ಗಣಿಯೊಂದರಲ್ಲಿ ಮಿಲ್‌ರೈಟ್ ಅಪ್ರೆಂಟಿಸ್ ಆಗಿದ್ದರು. ದಿನದ ದುಡಿಮೆ ಮುಗಿದ ಮೇಲೆ ಗಣಿತವನ್ನು ತಾವೇ ಕೂತು ಕಲಿತರು. ಭಿನ್ನರಾಶಿ, ದಶಮಾಂಶ, ಅನುಪಾತ, ಕೋನ ಇಷ್ಟನ್ನು ಸೇರುವ ಮೊದಲೇ ದಿನಕ್ಕೆ ಅರ್ಧ ಗಂಟೆಯಂತೆ ತಿದ್ದಿಕೊಳ್ಳಿ. ಮಿಕ್ಕದ್ದನ್ನು ಯಂತ್ರಗಳೇ ಕೇಳಿ ಕಲಿಸುತ್ತವೆ.

ಪ್ರಶ್ನೆ: ತರಬೇತಿ ಮುಗಿಯಲು ಕೆಲವೇ ತಿಂಗಳಿದೆ. ಲಾಗ್‌ಬುಕ್‌ನಲ್ಲಿ ಹೈಡ್ರಾಲಿಕ್ಸ್ ಮತ್ತು ಬೇರಿಂಗ್ ಅಳವಡಿಕೆಯ ಪುಟಗಳು ಖಾಲಿ. ‘ಸಹಿ ಹಾಕಿಕೊಡುತ್ತೇನೆ, ಚಿಂತೆ ಬೇಡ’ ಎಂದು ಮೇಲ್ವಿಚಾರಕರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಒಪ್ಪಬೇಡಿ. ಅವರು ನಿಮಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ಭಾವಿಸಿರಬಹುದು, ಆದ್ದರಿಂದ ಜಗಳಕ್ಕೆ ಹೋಗಬೇಕಿಲ್ಲ. ‘ಈ ಎರಡು ಕೆಲಸಗಳನ್ನು ನಿಮ್ಮ ಕಣ್ಣೆದುರೇ ಮಾಡಿ ಸಹಿ ಪಡೆಯುತ್ತೇನೆ, ಮುಂದಿನ ಶಟ್‌ಡೌನ್‌ನಲ್ಲಿ ನನ್ನನ್ನು ಆ ತಂಡಕ್ಕೆ ಹಾಕಿ’ ಎಂದು ಕೇಳಿ, ಬರವಣಿಗೆಯಲ್ಲೇ ಕೊಡಿ. ಹೈಡ್ರಾಲಿಕ್ ಪೈಪಿನಲ್ಲಿ ಪಂಪ್ ನಿಂತ ಮೇಲೂ ಅಕ್ಯುಮ್ಯುಲೇಟರ್ (ಒತ್ತಡದ ಎಣ್ಣೆಯನ್ನು ಕೂಡಿಡುವ ಪಾತ್ರೆ) ಒತ್ತಡವನ್ನು ಹಿಡಿದಿಟ್ಟಿರುತ್ತದೆ. ಅದನ್ನು ಬಿಡುಗಡೆ ಮಾಡುವುದನ್ನು ಕೈಯಾರೆ ಕಲಿಯದವನು ಸಹಿಯ ಬಲದಿಂದ ಒಬ್ಬನೇ ಆ ಕೆಲಸಕ್ಕೆ ಹೋದರೆ, ಸಡಿಲಿಸಿದ ಸಂದಿಯಿಂದ ಚಿಮ್ಮುವ ಎಣ್ಣೆ ಚರ್ಮವನ್ನೇ ತೂರಿ ಒಳಹೋಗಬಲ್ಲದು.

ಬೇರಿಂಗ್‌ಗಾಗಿ ಶಟ್‌ಡೌನ್‌ವರೆಗೂ ಕಾಯಬೇಕಿಲ್ಲ. ತೆಗೆದುಹಾಕಿದ ಹಳೆಯ ಬೇರಿಂಗೊಂದನ್ನು ಕೇಳಿ ಪಡೆಯಿರಿ. ಇಂಡಕ್ಷನ್ ಹೀಟರಿನಲ್ಲಿ ಸುಮಾರು 110 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಗುಜರಿಗೆ ಹೊರಟ ಶಾಫ್ಟ್ ಒಂದರ ಮೇಲೆ ಕೂಡಿಸಿ, ಎಳೆದು ತೆಗೆದು, ಮತ್ತೆ ಕೂಡಿಸಿ. ಮೇಲ್ವಿಚಾರಕರನ್ನು ಮೂರನೆಯ ಸಲಕ್ಕೆ ಕರೆಯಿರಿ, ಪುಸ್ತಕವೂ ಪೆನ್ನೂ ಜೊತೆಗಿರಲಿ.