ಗೀಚಿದರೂ ಪರವಾಗಿಲ್ಲ ಅನ್ನೋ ಕಾರು ಬೇಡ

ಪ್ರಿಯ ಓದುಗರೇ,

ನಿಮ್ಮ ಪತ್ರ ನಾಲ್ಕು ಪುಟ ಇದೆ. ಅಷ್ಟನ್ನೂ ಅಚ್ಚು ಹಾಕಲು ಜಾಗ ಇಲ್ಲ, ಹಾಗಾಗಿ ಉಳಿದ ಓದುಗರಿಗಾಗಿ ಸಾರ ಮಾತ್ರ ಹೇಳುತ್ತೇನೆ. ನಿಮ್ಮ ಮಗಳಿಗೆ 18 ತುಂಬಿದೆ, ಲೈಸೆನ್ಸ್ ಕೈಗೆ ಬಂದಿದೆ. ಅವಳಿಗೊಂದು ಸೆಕೆಂಡ್ ಹ್ಯಾಂಡ್ ಕಾರು ಕೊಡಿಸಬೇಕು. ಮೂರು ಕಾರು ನೋಡಿಟ್ಟಿದ್ದೀರಿ. ಒಂದು, ನೆಂಟರ ಮನೆಯ 16 ವರ್ಷದ ಪುಟ್ಟ ಹ್ಯಾಚ್‌ಬ್ಯಾಕ್. ಕಡಿಮೆ ಓಡಿದೆ, ಅಗ್ಗಕ್ಕೆ ಸಿಗುತ್ತದೆ. ಎರಡು, ಏಳು ಸೀಟಿನ ಎತ್ತರದ ಹಳೇ ಗಾಡಿ. 'ಒಳ್ಳೇ ಗಟ್ಟಿ ಕಬ್ಬಿಣ' ಎಂದು ಬರೆದಿದ್ದೀರಿ. ಮೂರು, 8 ವರ್ಷದ ಮಧ್ಯಮ ಗಾತ್ರದ ಸೆಡಾನ್. ಅದು 1 ಲಕ್ಷ ಕಿ.ಮೀ. ದಾಟಿದೆ ಅನ್ನೋದೇ ನಿಮ್ಮ ತಕರಾರು. ನಿಮ್ಮ ಮನಸ್ಸು ಮೊದಲನೆಯದರ ಮೇಲಿದೆ. 'ಹೇಗೂ ಗೀಚ್ತಾಳೆ, ಎಲ್ಲಾದರೂ ಗುದ್ದುತ್ತಾಳೆ. ಕೈ ಪಳಗಲಿ, ಆಮೇಲೆ ಒಳ್ಳೇ ಕಾರು ನೋಡೋಣ' ಎನ್ನುವುದು ನಿಮ್ಮ ಲೆಕ್ಕ. ಕೆಳಗೆ ಮಗಳೂ ತನ್ನ ಅಕ್ಷರದಲ್ಲಿ ಎರಡು ಸಾಲು ಸೇರಿಸಿದ್ದಾಳೆ. ಸೆಡಾನ್ 'ತಾತನ ಕಾರಿನ ಥರ' ಇದೆಯಂತೆ. ಟರ್ಬೊ ಎಂಜಿನ್ನಿನ ಒಂದನ್ನು ನೋಡಬಾರದಾ ಅಂತ ಕೇಳಿದ್ದಾಳೆ.

ತಾತನ ಕಾರೇ ತೆಗೆದುಕೊಳ್ಳಿ. ತೆಗೆದುಕೊಳ್ಳುವ ಮುಂಚೆ ಏನೇನು ನೋಡಬೇಕು ಅನ್ನೋದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಲೆಕ್ಕದ ಜೊತೆ ಸ್ವಲ್ಪ ಜಗಳ ಇದೆ.

ಹೇಗೂ ಗುದ್ದುತ್ತಾಳೆ ಎಂದು ನೀವೇ ಹೇಳುತ್ತೀರಿ. ಹಾಗಿದ್ದರೆ ಗುದ್ದಿದಾಗ ಅವಳನ್ನು ಕಾಪಾಡುವ ಕಾರು ಬೇಕಲ್ವಾ? ನೀವು ಯೋಚಿಸಿರುವುದು ಬಂಪರ್ ಬಗ್ಗೆ. ಮನೆಯಲ್ಲಿ ಇಪ್ಪತ್ತೈದು ವರ್ಷ ಓಡಿಸಿದವರ ಕೈಯಲ್ಲಿ ಹೊಸ ಕಾರು, ನಿನ್ನೆ ಲೈಸೆನ್ಸ್ ಪಡೆದವಳ ಕೈಯಲ್ಲಿ ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಚಿಕ್ಕದು. ಈಜು ಬಲ್ಲವರು ಒಳ್ಳೇ ಟ್ಯೂಬ್ ಹಾಕಿಕೊಂಡು, ಕಲಿಯುವ ಮಗುವಿಗೆ ಗಾಳಿ ಹೋಗುವ ಟ್ಯೂಬ್ ಕೊಟ್ಟ ಹಾಗಾಯಿತು. ಲೈಸೆನ್ಸ್ ಬಂದ ಮೊದಲ ಕೆಲವು ತಿಂಗಳೇ ಅಪಾಯ ಜಾಸ್ತಿ. ಇದು ಹಲವು ದೇಶಗಳಲ್ಲಿ ಕಂಡಿರುವ ವಿಷಯ. ಕೈ ಪಳಗಿದ ಮೇಲೆ ಒಳ್ಳೇ ಕಾರು ಅಂದರೆ, ಬೇಕಾದ ಹೊತ್ತಿಗೆ ಅದು ಇರುವುದಿಲ್ಲ.

ಅದಕ್ಕೇ ಒಂದು ಮಾತು ಕೇಳಿಬಿಡುತ್ತೇನೆ. ಈಗ ನೀವು ಓಡಿಸುತ್ತಿರುವ ಕಾರನ್ನೇ ಅವಳಿಗೆ ಕೊಟ್ಟು, ಸೆಕೆಂಡ್ ಹ್ಯಾಂಡ್ ಕಾರನ್ನು ನೀವು ಇಟ್ಟುಕೊಂಡರೆ ಹೇಗೆ? ನಿಮ್ಮ ಕಾರಿನ ಸರ್ವಿಸ್ ಚರಿತ್ರೆ ನಿಮಗೆ ಗೊತ್ತು, ಯಾವ ಗುಂಡಿಗೆ ಇಳಿದಿದೆ ಅನ್ನೋದೂ ಗೊತ್ತು. ಇನ್ಶೂರೆನ್ಸ್ ಅವಳಿಗೂ ಅನ್ವಯಿಸುತ್ತದೆಯೇ ಎಂದು ಕೇಳಿಕೊಂಡರೆ ಸಾಕು. ಮನಸ್ಸು ಒಪ್ಪುವುದಿಲ್ಲ ಅಂದರೆ ಬಿಡಿ, ಮುಂದೆ ಓದಿ.

ಆ 16 ವರ್ಷದ ಪುಟ್ಟ ಕಾರಿನಲ್ಲಿ ಏನಿಲ್ಲ ಅನ್ನುವುದು ಮುಖ್ಯ. ಇಎಸ್‌ಸಿ ಅಂತ ಒಂದಿದೆ, ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್. ಬ್ರೋಷರ್‌ನಲ್ಲಿ ಇಎಸ್‌ಪಿ ಎಂದೂ ಇರಬಹುದು, ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ. ತಿರುವಿನಲ್ಲಿ ವೇಗ ಜಾಸ್ತಿಯಾಯಿತು, ಗಾಬರಿಯಲ್ಲಿ ಸ್ಟೇರಿಂಗ್ ಎಳೆದರು, ಹಿಂದಿನ ಚಕ್ರ ಜಾರಿತು ಅನ್ನಿ. ಸ್ಟೇರಿಂಗ್ ಹೇಳುವ ದಿಕ್ಕಿಗೂ ಗಾಡಿ ಹೋಗುವ ದಿಕ್ಕಿಗೂ ತಾಳೆಯಾಗುತ್ತಿಲ್ಲ ಎಂದು ಸೆನ್ಸರ್ ಕಂಡುಹಿಡಿದು, ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ಗಾಡಿಯನ್ನು ಸಾಲಿಗೆ ತರುತ್ತದೆ. ನಮ್ಮ ಕಾಲಿಗೆ ಈ ಕೆಲಸ ಸಾಧ್ಯವೇ ಇಲ್ಲ, ನಮಗಿರುವುದು ಒಂದೇ ಪೆಡಲ್. ಒಂಟಿ ಕಾರು ಹಿಡಿತ ತಪ್ಪಿ ಆಗುವ ಮಾರಣಾಂತಿಕ ಅಪಘಾತಗಳ ಅಪಾಯವನ್ನು ಇದು ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂದು ಅಮೆರಿಕದ ಇನ್ಶೂರೆನ್ಸ್ ಕಂಪನಿಗಳು ನಡೆಸುವ ರಸ್ತೆ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ ಲೆಕ್ಕ ಹಾಕಿದೆ. ಹೊಸಬರು ಮಾಡುವ ತಪ್ಪು ಹೆಚ್ಚಾಗಿ ಇಂಥದ್ದೇ. 1995ರಲ್ಲಿ ದುಬಾರಿ ಮರ್ಸಿಡಿಸ್‌ನಲ್ಲಿ ಶುರುವಾದದ್ದು ಅಮೆರಿಕದಲ್ಲಿ 2012ರ ಮಾಡೆಲ್‌ನಿಂದ, ಯುರೋಪಿನಲ್ಲಿ 2014ರ ಕೊನೆಯಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಬೇರೆ ಕಡೆ ಮಾಡೆಲ್, ವೇರಿಯಂಟ್ ಎರಡನ್ನೂ ನೋಡಬೇಕು. ಒಂದೇ ಹೆಸರಿನ ಕಾರಿನಲ್ಲಿ ಮೇಲಿನ ವೇರಿಯಂಟ್‌ಗೆ ಇದ್ದು ಕೆಳಗಿನದಕ್ಕೆ ಇಲ್ಲದಿರಬಹುದು.

ಮಾರುವವರ ಬಾಯಿಮಾತು ನಂಬಬೇಡಿ, ಕೀ ತಿರುಗಿಸಿ ನೋಡಿ. ಎಂಜಿನ್ ಸ್ಟಾರ್ಟ್ ಮಾಡಬೇಡಿ, ಇಗ್ನಿಷನ್ ಆನ್ ಅಷ್ಟೇ. ಡ್ಯಾಶ್‌ಬೋರ್ಡಿನಲ್ಲಿ ದೀಪಗಳೆಲ್ಲ ಒಮ್ಮೆ ಹತ್ತುತ್ತವೆ. ಅವುಗಳಲ್ಲಿ ಪುಟ್ಟ ಕಾರು, ಅದರ ಹಿಂದೆ ಎರಡು ಸೊಟ್ಟ ಗೆರೆ ಇರುವ ದೀಪ ಕಾಣಬೇಕು. ಅದು ಇಎಸ್‌ಸಿ. ಎಬಿಎಸ್ ಎಂದು ಬರೆದದ್ದು ಇನ್ನೊಂದು, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆಯದು. ಕೂತ ಮನುಷ್ಯನ ಎದೆಯ ಮುಂದೆ ದುಂಡಗಿನ ಚೆಂಡು ಇರುವುದು ಏರ್‌ಬ್ಯಾಗ್. ಇವೆಲ್ಲ ಹತ್ತಬೇಕು, ಹತ್ತಿ ಆರಬೇಕು. ಆರದೇ ಇದ್ದರೆ ತೊಂದರೆ ಇದೆ ಎಂದು ಎಲ್ಲರಿಗೂ ಗೊತ್ತು. ಆದರೆ ಏರ್‌ಬ್ಯಾಗ್ ದೀಪ ಹತ್ತಲೇ ಇಲ್ಲ ಅಂದರೆ ಇನ್ನೂ ಕೆಟ್ಟದ್ದು. ಬಲ್ಬ್ ತೆಗೆದಿರಬಹುದು, ಹಿಂದೊಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗ್ ಜಾಗದಲ್ಲಿ ಬರೀ ಮುಚ್ಚಳ ಇರಬಹುದು.

ಇನ್ನು ಡಿಕ್ಕಿ ಪರೀಕ್ಷೆಯ ಸ್ಟಾರ್ ರೇಟಿಂಗ್. ಸ್ಟಾರ್ ನೋಡಿ, ಅದರ ಜೊತೆಗೆ ಇಸವಿಯನ್ನೂ ನೋಡಿ. ಯುರೋಪಿನ ಕಾರು ಸುರಕ್ಷತಾ ಪರೀಕ್ಷೆಯಾದ ಯುರೋ ಎನ್‌ಕ್ಯಾಪ್‌ನಲ್ಲಿ ಫಿಯೆಟ್ ಪುಂಟೊಗೆ 2005ರಲ್ಲಿ 5 ಸ್ಟಾರ್ ಬಂತು. ಅದೇ ಪೀಳಿಗೆಯ ಕಾರನ್ನು 2017ರಲ್ಲಿ ಮತ್ತೆ ಪರೀಕ್ಷಿಸಿದಾಗ ಬಂದದ್ದು ಸೊನ್ನೆ. ಕಾರು ಬಹುಮಟ್ಟಿಗೆ ಹಾಗೇ ಇತ್ತು, ಪರೀಕ್ಷೆ ಬಿಗಿಯಾಗಿತ್ತು. 16 ವರ್ಷ ಹಿಂದಿನ 5 ಸ್ಟಾರ್ ತೋರಿಸಿ ಯಾರಾದರೂ ಮಾರಲು ಬಂದರೆ ಇದು ನೆನಪಿರಲಿ. ಇನ್ನೊಂದು ವಿಷಯ, ಸ್ಟಾರ್‌ಗಳನ್ನು ಹೋಲಿಸಬೇಕಾದದ್ದು ಹತ್ತಿರ ಹತ್ತಿರ ತೂಕದ ಕಾರುಗಳ ನಡುವೆ ಮಾತ್ರ. ಮುಂದಿನಿಂದ ಡಿಕ್ಕಿ ಹೊಡೆಸುವ ಪರೀಕ್ಷೆಗಳು ಹೆಚ್ಚಾಗಿ, ತನ್ನಂಥದೇ ಕಾರು ಎದುರು ಬಂದರೆ ಏನಾಗುತ್ತದೆ ಎಂದು ತೋರಿಸುತ್ತವೆ. ರಸ್ತೆಯಲ್ಲಿ ಪುಟ್ಟ ಕಾರಿಗೆ ಎದುರಾಗುವುದು ಅದಕ್ಕಿಂತ ಭಾರದ್ದೇ ಜಾಸ್ತಿ.

ಹಾಗಾದರೆ ಏಳು ಸೀಟಿನ ಗಟ್ಟಿ ಕಬ್ಬಿಣವೇ ಒಳ್ಳೆಯದಲ್ವಾ ಎಂದು ನೀವು ಕೇಳಬಹುದು. ಅಲ್ಲ. ಭಾರ ಸಹಾಯಕ್ಕೆ ಬರುತ್ತದೆ ನಿಜ, ಆದರೆ ಭಾರದ ಗಾಡಿ ನಿಲ್ಲಲು ಜಾಗವೂ ಜಾಸ್ತಿ ಬೇಕು. ಇಎಸ್‌ಸಿ ಇಲ್ಲದ ಎತ್ತರದ ಹಳೇ ಗಾಡಿ ಮಗುಚುವ ಭಯ ಬೇರೆ. ಗಟ್ಟಿ ಅನ್ನುವುದೂ ಸ್ವಲ್ಪ ಮೋಸದ ಮಾತು. ಕಾರಿನ ಮೂತಿ ನಜ್ಜುಗುಜ್ಜಾಗಲೆಂದೇ ಮಾಡಿರುತ್ತಾರೆ. ಅದು ಮಡಚಿಕೊಂಡಷ್ಟೂ ಒಳಗೆ ಕೂತವರಿಗೆ ಏಟು ಕಡಿಮೆ.

ನನಗೆ ಅದಕ್ಕಿಂತ ದೊಡ್ಡ ತಕರಾರು ಆ ಏಳು ಸೀಟಿನ ಮೇಲೇ ಇದೆ. ಸೀಟು ಇದ್ದರೆ ಗೆಳತಿಯರು ತುಂಬುತ್ತಾರೆ. ಹದಿಹರೆಯದ ಚಾಲಕರ ಪಕ್ಕ ಅದೇ ವಯಸ್ಸಿನವರು ಕೂತಷ್ಟೂ ಅಪಘಾತದ ಅಪಾಯ ಏರುತ್ತದೆ. ನ್ಯೂಜಿಲೆಂಡ್ 1987ರಲ್ಲೇ ಹಂತ ಹಂತದ ಲೈಸೆನ್ಸ್ ತಂದು, ಹೊಸ ಚಾಲಕರು ರಾತ್ರಿ ಒಬ್ಬರೇ ಓಡಿಸುವುದಕ್ಕೂ ಜನ ಕೂರಿಸಿಕೊಳ್ಳುವುದಕ್ಕೂ ಮಿತಿ ಹಾಕಿತು. ಆಮೇಲೆ ಬೇರೆ ದೇಶಗಳೂ ಅದನ್ನೇ ಹಿಡಿದವು. ನಿಮ್ಮಲ್ಲಿ ಕಾನೂನು ಇರಲಿ ಬಿಡಲಿ, ಮೊದಲ ಆರು ತಿಂಗಳು ಮನೆಯಲ್ಲೇ ಅಂಥದೊಂದು ನಿಯಮ ಮಾಡಿಕೊಳ್ಳಬಹುದು. ಕಾರು ಕೊಡುವ ದಿನವೇ ಹೇಳಿಬಿಡಿ, ಆಮೇಲೆ ಹೇಳಿದರೆ ಶಿಕ್ಷೆ ಅನಿಸುತ್ತದೆ.

ಟರ್ಬೊ ವಿಷಯ ಮಗಳಿಗೇ ಹೇಳುತ್ತೇನಮ್ಮಾ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಎಂಜಿನ್ನಿನಲ್ಲಿ ಶಕ್ತಿ ಇದ್ದರೆ ಕಾಲು ಒತ್ತದೇ ಇರುವುದಿಲ್ಲ, ವಯಸ್ಸೇ ಅಂಥದ್ದು. ಐಐಎಚ್‌ಎಸ್ ಮತ್ತು ಗ್ರಾಹಕರಿಗಾಗಿ ವಸ್ತುಗಳನ್ನು ಪರೀಕ್ಷಿಸುವ ಕನ್ಸ್ಯೂಮರ್ ರಿಪೋರ್ಟ್ಸ್ ಸೇರಿ ಹದಿಹರೆಯದವರಿಗೆ ಸರಿಯಾದ ಹಳೇ ಕಾರುಗಳ ಪಟ್ಟಿ ಕೊಡುತ್ತವೆ. ಅದರಲ್ಲೂ ಸ್ಪೋರ್ಟ್ಸ್ ಕಾರಿಲ್ಲ, ತೀರಾ ಪುಟ್ಟ ಕಾರೂ ಇಲ್ಲ. ತಾತನ ಕಾರುಗಳೇ ತುಂಬಿವೆ.

ಇನ್ನು 1 ಲಕ್ಷ ಕಿ.ಮೀ. ಭಯ. ಹೊತ್ತು ಹೊತ್ತಿಗೆ ಆಯಿಲ್ ಬದಲಿಸಿಕೊಂಡು ದಿನಾ ಓಡಿದ ಕಾರಿಗಿಂತ, ಸುಮ್ನೆ ಶೆಡ್‌ನಲ್ಲಿ ನಿಂತ ಕಾರೇ ಎಷ್ಟೋ ಸಲ ಜಾಸ್ತಿ ಕಾಡುತ್ತದೆ. ನಿಂತಲ್ಲೇ ರಬ್ಬರ್ ಪೈಪ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೀರಿದ ಮೇಲೆ ಬೇಗ ಕುದಿಯುತ್ತದೆ, ಇಳಿಜಾರಿನಲ್ಲಿ ಒಂದೇ ಸಮ ಬ್ರೇಕ್ ಹಿಡಿದರೆ ಪೆಡಲ್ ಮೆತ್ತಗಾಗುತ್ತದೆ. ಆದ್ದರಿಂದ ಕಿ.ಮೀ. ಎಷ್ಟು ಎನ್ನುವುದಕ್ಕಿಂತ ಸರ್ವಿಸ್ ಬುಕ್ ಎಲ್ಲಿ ಎಂದು ಕೇಳಿ. ಮೀಟರ್ 40 ಸಾವಿರ ಅನ್ನುತ್ತಿದೆ, ಆದರೆ ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದೆ, ಸ್ಟೇರಿಂಗ್ ಮಿರಿಮಿರಿ ಮಿಂಚುತ್ತಿದೆ ಅಂದರೆ ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆ ಎಂದು ಅನುಮಾನ ಪಡಿ. ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳಕ್ಕೆ ಓಡಿಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಅದನ್ನು ಯಾವಾಗ ಬದಲಿಸಿದರು ಎಂದು ಕೇಳಲೇಬೇಕು. ಅದು ತುಂಡಾದರೆ ಬಹಳಷ್ಟು ಎಂಜಿನ್ನುಗಳಲ್ಲಿ ವಾಲ್ವ್ ಪಿಸ್ಟನ್‌ಗೆ ಬಡಿದು ಎಂಜಿನ್ನೇ ಹೋಗುತ್ತದೆ.

ನೋಡಲು ಹಗಲಲ್ಲೇ ಹೋಗಿ. ಎಂಜಿನ್ ಬಿಸಿ ಮಾಡಿಡಬೇಡಿ ಎಂದು ಮೊದಲೇ ಹೇಳಿ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೇ ಬರುತ್ತಲೇ ಇದ್ದರೆ ಎಂಜಿನ್ ತಣ್ಣಗಿಡುವ ಕೂಲಂಟ್ ಒಳಗೆ ಸೋರುತ್ತಿರಬಹುದು. ಬಾನೆಟ್ ಮತ್ತು ಮಡ್‌ಗಾರ್ಡ್ ಕೂಡಿಸುವ ಬೋಲ್ಟ್‌ಗಳ ತಲೆ ನೋಡಿ. ಪೇಂಟ್ ಎದ್ದು ಸ್ಪ್ಯಾನರ್ ಗುರುತು ಕಂಡರೆ ಯಾವಾಗಲೋ ಬಿಚ್ಚಿದ್ದಾರೆ, ಯಾಕೆ ಎಂದು ಕೇಳಿ. ಸೀಟ್ ಬೆಲ್ಟನ್ನು ಕೊನೆಯ ತನಕ ಪೂರ್ತಿ ಎಳೆಯಿರಿ. ಯಾವಾಗಲೂ ಸುರುಳಿಯೊಳಗೇ ಇರುವ ಆ ತುದಿಯನ್ನು ತೊಳೆಯುವ ನೆನಪು ಯಾರಿಗೂ ಇರುವುದಿಲ್ಲ. ಅಲ್ಲಿ ಕೆಸರಿನ ಕಲೆ ಅಥವಾ ಮುಗ್ಗಲು ವಾಸನೆ ಇದ್ದರೆ ಕಾರು ನೀರಲ್ಲಿ ಮುಳುಗಿ ಬಂದಿರಬಹುದು. ಅಂಥದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಬಿಟ್ಟ ಬೆಲ್ಟ್ ಸರ್ರನೆ ಒಳಗೆ ಹೋಗಬೇಕು, ತೆವಳಬಾರದು.

ಟೈರಿನ ಪಕ್ಕದಲ್ಲಿ 'ಡಾಟ್' ಎಂದು ಇಂಗ್ಲಿಷ್ ಅಕ್ಷರದಲ್ಲಿ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗೆರೆ ಎಷ್ಟೇ ಆಳ ಇರಲಿ, 6 ವರ್ಷ ದಾಟಿದ ಟೈರ್ ಬದಲಿಸಿ ಎಂದು ಹಲವು ಕಾರು ಕಂಪನಿಗಳೇ ಹೇಳುತ್ತವೆ. ಇದಕ್ಕಾಗಿಯೇ ಕೈಯಲ್ಲಿರುವ ದುಡ್ಡನ್ನೆಲ್ಲ ಕಾರಿಗೆ ಸುರಿಯಬೇಡಿ. ನಾಲ್ಕು ಟೈರ್, ಬ್ರೇಕ್ ಪ್ಯಾಡ್, ಬ್ಯಾಟರಿಗೆ ಆಗುವಷ್ಟು ಪಕ್ಕಕ್ಕೆ ಇಟ್ಟು, ಉಳಿದದ್ದರಲ್ಲಿ ಕಾರು ಹುಡುಕಿ.

ಚಾಸಿಸ್ ನಂಬರ್ ಬರೆದುಕೊಂಡು, ಬಾಕಿ ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಕಾರನ್ನು ವಾಪಸ್ ಕರೆದದ್ದು, ಇದೆಯೇ ಎಂದು ಕಂಪನಿಯನ್ನು ಕೇಳಿ. ಜಪಾನಿನ ತಕಾಟ ಕಂಪನಿಯ ಏರ್‌ಬ್ಯಾಗ್ ಕಥೆ ಕೇಳಿರಬಹುದು. ಏರ್‌ಬ್ಯಾಗ್ ಉಬ್ಬಿಸುವ ರಾಸಾಯನಿಕ ವರ್ಷಗಟ್ಟಲೆ ಸೆಕೆ, ತೇವಕ್ಕೆ ಕೆಟ್ಟು, ಬಿಚ್ಚಿಕೊಳ್ಳುವ ಬದಲು ಸಿಡಿದು ಲೋಹದ ಚೂರು ಎರಚುತ್ತಿತ್ತು. ಹಲವು ಕಂಪನಿಗಳ ಕಾರುಗಳಲ್ಲಿ ಅದೇ ಇತ್ತು. ಹಳೆಯ ಕಾರುಗಳು ಕೈ ಬದಲಾಗುತ್ತಾ ಹೋಗುವುದರಿಂದ ರೀಕಾಲ್ ಪತ್ರ ಮೊದಲ ಮಾಲೀಕರಲ್ಲೇ ನಿಂತುಬಿಡುತ್ತದೆ. ಇಂಥ ರಿಪೇರಿಯನ್ನು ಕಂಪನಿ ಸಾಮಾನ್ಯವಾಗಿ ಉಚಿತವಾಗಿಯೇ ಮಾಡಿಕೊಡುತ್ತದೆ, ಸಂಕೋಚ ಬೇಡ.

ಇಷ್ಟೆಲ್ಲ ಆದ ಮೇಲೂ ನಿಮ್ಮ ನಂಬಿಕೆಯ ಮೆಕ್ಯಾನಿಕ್‌ಗೆ ಒಮ್ಮೆ ತೋರಿಸಿ. ಮಾರುವವರ ಮೆಕ್ಯಾನಿಕ್ ಬೇಡ. 'ಬೇರೆಯವರು ಬಿಚ್ಚಿ ನೋಡೋದೆಲ್ಲ ಆಗಲ್ಲ' ಎಂದರೆ ಅಲ್ಲಿಂದ ಎದ್ದು ಬನ್ನಿ.

ಮಗಳನ್ನು ಬಿಟ್ಟು ಕಾರು ನೋಡಲು ಹೋಗಬೇಡಿ. ಓಡಿಸುವವಳು ಅವಳು. ಕ್ಲಚ್ ಪೂರ್ತಿ ಒತ್ತುವ ಹಾಗೆ ಕೂತಾಗ ಅವಳ ಎದೆಗೂ ಸ್ಟೇರಿಂಗ್ ನಡುಭಾಗಕ್ಕೂ ಕನಿಷ್ಠ 25 ಸೆಂ.ಮೀ. ಇರಬೇಕು, ಇಲ್ಲವಾದರೆ ಏರ್‌ಬ್ಯಾಗೇ ಏಟು ಕೊಡುತ್ತದೆ. ಬಾನೆಟ್ ಆಚೆಗಿನ ರಸ್ತೆ, ಹಿಂದಿನ ಮೂಲೆ ಕಾಣುತ್ತದೆಯೇ ಎಂದು ಅವಳೇ ಹೇಳಲಿ. ಆಟೋಮ್ಯಾಟಿಕ್ಕೋ ಗೇರೋ ಎಂದೂ ಕೇಳಿದ್ದೀರಿ. ಲೈಸೆನ್ಸ್ ಒಪ್ಪುವುದಾದರೆ ಎರಡೂ ಸರಿಯೇ. ತೆಗೆದುಕೊಂಡ ಮೇಲೆ ಖಾಲಿ ಮೈದಾನದಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಹಾಕಿಸಿ. ಎಬಿಎಸ್ ಕೆಲಸ ಮಾಡುವಾಗ ಪೆಡಲ್ ಕಾಲಡಿ ಗಡಗಡ ನಡುಗುತ್ತದೆ. ಮೊದಲ ಸಲ ಅದು ಗೊತ್ತಾಗುವುದು ಅಪಾಯದ ಹೊತ್ತಲ್ಲಾದರೆ, ಏನೋ ಮುರಿಯಿತು ಎಂದುಕೊಂಡು ಕಾಲು ತೆಗೆದುಬಿಡುತ್ತಾಳೆ. ಬಿಡದೆ ಒತ್ತಿಯೇ ಇಡಬೇಕು, ಸ್ಟೇರಿಂಗ್ ಆಗಲೂ ತಿರುಗುತ್ತದೆ.

ಕೊನೆಗೆ, ಸೆಡಾನಿಗೆ ದಪ್ಪ ಲೆದರ್ ಸೀಟ್ ಕವರ್ ಹಾಕಿಸಿದರೆ ತಾತನ ಕಳೆ ಹೋಗುತ್ತದಾ ಎಂದು ಮಗಳು ಕೇಳಿದ್ದಾಳೆ. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಎಂದು ಪುಟ್ಟ ಪಟ್ಟಿ ಹೊಲಿದಿದೆಯೇ ನೋಡಮ್ಮಾ. ಇದ್ದರೆ ಪಕ್ಕದ ಏರ್‌ಬ್ಯಾಗ್ ಅಲ್ಲಿಂದಲೇ ಹೊರಬರಬೇಕು, ಸಿಕ್ಕ ಸಿಕ್ಕ ಕವರ್ ಅದನ್ನು ಕಟ್ಟಿಹಾಕುತ್ತದೆ. ಆ ಜಾಗ ಬಿಟ್ಟು ಹೊಲಿದ ಕವರ್ ಸಿಕ್ಕರೆ ಹಾಕಿಸು. ಬಣ್ಣ ನಿನ್ನಿಷ್ಟ.

- ಸಂಪಾದಕ