ಚಳಿಗಾಲದ ರಾಡಾರ್ ಚಿತ್ರದಲ್ಲಿ ಫಿನ್‌ಲ್ಯಾಂಡ್ ಕಾಡು ಮಂಕಾಗಿದೆ, ಮರ ಕಡಿದಿದ್ದಾರಾ?

ಕಡಿದಿರೋ ಸಾಧ್ಯತೆ ಕಮ್ಮಿ ರೀ. ಅಕ್ಟೋಬರ್‌ದು ಜನವರಿದು ಎರಡು ಸೆಂಟಿನೆಲ್-1 (ಯುರೋಪಿನ ರಾಡಾರ್ ಉಪಗ್ರಹ) ಚಿತ್ರ ಪಕ್ಕಪಕ್ಕ ಇಟ್ಟು ನೋಡಿದ್ರೆ ಲ್ಯಾಪ್‌ಲ್ಯಾಂಡ್ ಕಡೆ ಕಾಡು ಇಡಿಯಾಗಿ ಮಂಕಾಗಿದೆ ಅಂತೀರಲ್ಲ, ಆ "ಇಡಿಯಾಗಿ" ಅನ್ನೋದ್ರಲ್ಲೇ ಉತ್ತರ ಇದೆ.

ರಾಡಾರ್‌ಗೆ ಕಾಣೋದು ಬಹುಮಟ್ಟಿಗೆ ಮರದೊಳಗಿನ ನೀರು. ನೀರಿನ ಡೈಎಲೆಕ್ಟ್ರಿಕ್ ಕಾನ್ಸ್ಟಂಟ್ (ಇದು ಜಾಸ್ತಿ ಇದ್ದಷ್ಟೂ ರಾಡಾರ್ ಅಲೆ ಜೋರಾಗಿ ವಾಪಸ್ ಬರುತ್ತೆ) 80ರ ಹತ್ತಿರ, ಅದೇ ಮಂಜುಗಡ್ಡೆ ಆದ್ರೆ ಸುಮಾರು 3, ಹಂಗಾಗಿ ಸೂಜಿ ಎಲೆ, ಕೊಂಬೆ, ಕಾಂಡ ಎಲ್ಲಾ ಹೆಪ್ಪುಗಟ್ಟಿದ್ರೆ ವಾಪಸ್ ಬರೋ ಸಿಗ್ನಲ್ ಕೆಲವು ಡೆಸಿಬೆಲ್ ಬಿದ್ದೋಗುತ್ತೆ, ಮರ ಮಾತ್ರ ಇದ್ದಲ್ಲೇ ಇರುತ್ತೆ. ನಿಜವಾಗ್ಲೂ ಕಡಿದಿದ್ರೆ ಅಷ್ಟು ಜಾಗದಲ್ಲಿ ಮಾತ್ರ ಸಿಗ್ನಲ್ ಬೀಳುತ್ತೆ, ಅಂಚು ನೇರವಾಗಿರುತ್ತೆ, ಪಕ್ಕದ ಕಾಡು ಹಾಗೇ ಇರುತ್ತೆ. ಇದನ್ನ ನೋಡೋಕೆ ವಿವಿಗಿಂತ (ಲಂಬ ಅಲೆ ಕಳಿಸಿ ಲಂಬವನ್ನೇ ಹಿಡಿಯೋದು) ವಿಎಚ್ ಚಾನೆಲ್ (ಲಂಬ ಅಲೆ ಕಳಿಸಿ ಅಡ್ಡ ಅಲೆ ಹಿಡಿಯೋದು) ವಾಸಿ, ಕೊಂಬೆಗಳ ನಡುವೆ ಚದುರಿ ಬರೋ ಸಿಗ್ನಲ್ ಅದ್ರಲ್ಲಿ ಚೆನ್ನಾಗಿ ಸಿಗುತ್ತೆ. ವಸಂತದಲ್ಲಿ ಹಿಮ ಕರಗೋವಾಗ ಮಾತ್ರ ಹುಷಾರು, ಒದ್ದೆ ಹಿಮ ಸಿಗ್ನಲ್ ನುಂಗಿಬಿಡುತ್ತೆ, ಬಯಲು ಜಾಗ ವಿಪರೀತ ಕಪ್ಪಾಗುತ್ತೆ.

ಹಂಗಂತ ಚಳಿಗಾಲದ ಡೇಟಾ ಬಿಸಾಕೋಕೆ ಹೋಗ್ಬೇಡಿ. 90ರ ದಶಕದಲ್ಲಿ ಯುರೋಪಿನ ರಾಡಾರ್ ಉಪಗ್ರಹಗಳಾದ ಇಆರ್‌ಎಸ್-1, ಇಆರ್‌ಎಸ್-2 ಒಂದೇ ದಿನದ ಅಂತರದಲ್ಲಿ ತೆಗೆದ ಜೋಡಿ ಚಿತ್ರಗಳಿಂದ ಕಾಡಲ್ಲಿ ಎಷ್ಟು ಮರ ಇದೆ ಅಂತ ಅಂದಾಜು ಮಾಡೋಕೆ, ಎಲ್ಲಾ ಗಟ್ಟಿಯಾಗಿ ಹೆಪ್ಪುಗಟ್ಟಿ ವಾತಾವರಣ ಬದಲಾಗದೆ ಇರೋ ದಿನಗಳೇ ಒಳ್ಳೇದು ಅಂತ ಗೊತ್ತಾಗಿತ್ತು.

ಮರದ ತೂಕಾನೂ ಅಳೀಬಹುದಾ ಅಂತ ಕೇಳಿದ್ರಿ. ರಾಡಾರ್ ಅಲೆಗಳನ್ನ ಉದ್ದದ ಮೇಲೆ ಬ್ಯಾಂಡ್ ಅಂತ ವಿಂಗಡಿಸ್ತಾರೆ. ಸೆಂಟಿನೆಲ್-1ದು ಸಿ ಬ್ಯಾಂಡ್, ಸುಮಾರು 5.5 ಸೆಂಟಿಮೀಟರ್ ಉದ್ದದ ಅಲೆ, ಮೇಲಿನ ಎಲೆ ಕೊಂಬೆಯಲ್ಲೇ ಮುಗಿದೋಗುತ್ತೆ, ದಟ್ಟ ಕಾಡಲ್ಲಿ ಅದನ್ನ ನೆಚ್ಕೋಬೇಡಿ. ಎಲ್ ಬ್ಯಾಂಡ್ ಸುಮಾರು 24 ಸೆಂಟಿಮೀಟರ್, ದಪ್ಪ ಕೊಂಬೆ ಕಾಂಡದ ತನಕ ಹೋಗುತ್ತೆ, 2025ರ ಜುಲೈನಲ್ಲಿ ಹಾರಿದ ನಾಸಾ-ಇಸ್ರೋ ಉಪಗ್ರಹ ನಿಸಾರ್‌ನಲ್ಲಿ ಅದೂ ಇದೆ. ಅದಕ್ಕಿಂತ ಉದ್ದ ಪಿ ಬ್ಯಾಂಡ್, 70 ಸೆಂಟಿಮೀಟರ್ ಹತ್ರ, ಯುರೋಪಿಯನ್ ಸ್ಪೇಸ್ ಏಜೆನ್ಸಿಯ ಬಯೋಮಾಸ್ ಉಪಗ್ರಹದ್ದು, ಅದು 2025ರ ಏಪ್ರಿಲ್‌ನಲ್ಲಿ ಹೋಯ್ತು. ಆದ್ರೆ ತಮಾಷೆ ನೋಡಿ, ಅಮೆರಿಕದ ಮಿಲಿಟರಿ ರಾಡಾರ್‌ಗಳು ಅದೇ ಫ್ರೀಕ್ವೆನ್ಸಿ ಬಳಸೋದ್ರಿಂದ ಅದು ಉತ್ತರ ಅಮೆರಿಕ, ಯುರೋಪ್ ಮೇಲೆ ಕೆಲಸ ಮಾಡೋ ಹಂಗಿಲ್ಲ, ಸೈಬೀರಿಯಾ ಸಿಗುತ್ತೆ, ನಿಮ್ಮ ಫಿನ್‌ಲ್ಯಾಂಡ್ ಸಿಗಲ್ಲ!

ಸದ್ಯಕ್ಕೆ ಹಿಂದಿನ ವರ್ಷಗಳಿಂದ ಅಷ್ಟೇ ಚಳಿ ಇದ್ದ ದಿನದ ಚಿತ್ರ ಹುಡುಕಿ ಹೋಲಿಸಿ. ಆರ್ಬಿಟ್ (ಉಪಗ್ರಹ ಸುತ್ತೋ ದಾರಿ) ಕೂಡ ಒಂದೇ ಇರ್ಲಿ, ಬೆಳಿಗ್ಗೆ ಪಾಸ್‌ನಲ್ಲಿ (ಉಪಗ್ರಹ ಮೇಲೆ ಹಾದುಹೋಗುವಾಗ) ಹೆಪ್ಪುಗಟ್ಟಿದ್ದು ಸಂಜೆ ಪಾಸ್ ಹೊತ್ತಿಗೆ ಕರಗಿರುತ್ತೆ ಕೆಲವೊಮ್ಮೆ.